ಹೊಟ್ಟೆ ಸೀಳಿದ ‘ಧ’ ಕಾಣಿಸುವ ಮಾನಿಟರ್

ನಾನು ತಿದ್ದಿಕೊಟ್ಟ ಕರಡೊಂದರಲ್ಲಿ ‘ಧನಸಹಾಯ’ ಹೋಗಿ ‘ದನಸಹಾಯ’ ಅಂತ ಅಚ್ಚಾಯಿತು. ಎರಡು ಸಲ ಓದಿ ಸರಿಯಿದೆ ಅಂದವಳು ನಾನೇ. ಕಣ್ಣು ಪರೀಕ್ಷೆ ಮಾಡಿಸಿದೆ, ನಂಬರ್ ಬದಲಾಗಿರಲಿಲ್ಲ. ಆಮೇಲೆ ಅನುಮಾನ ಬಂದದ್ದು ಮೇಜಿನ ಮೇಲಿದ್ದ ಹಳೇ ಮಾನಿಟರ್ ಮೇಲೆ.

ಅದು 24 ಇಂಚಿನದು, ರೆಸಲ್ಯೂಷನ್ 1920×1080, ಅಂದರೆ ಅಡ್ಡಕ್ಕೆ 1920, ಎತ್ತರಕ್ಕೆ 1080 ಚುಕ್ಕಿ (ಪಿಕ್ಸೆಲ್). ಲೆಕ್ಕ ಹಾಕಿದರೆ ಒಂದು ಇಂಚಿಗೆ ಸುಮಾರು 92 ಪಿಕ್ಸೆಲ್. 11 ಪಾಯಿಂಟಿನ ಅಕ್ಷರಕ್ಕೆ ಅದರಲ್ಲಿ ಸಿಗುವ ಎತ್ತರ ಹೆಚ್ಚೆಂದರೆ 15 ಪಿಕ್ಸೆಲ್. ಇಂಗ್ಲಿಷಿಗೆ ಅಷ್ಟು ಸಾಕೇನೋ. ನಮ್ಮ ‘ರಾಷ್ಟ್ರ’ ಅದೇ ಜಾಗದಲ್ಲಿ ಷಕಾರ, ಅದರ ಕೆಳಗೆ ಟಕಾರದ ಒತ್ತು, ಅದಕ್ಕಂಟಿಕೊಂಡು ರಕಾರದ ಒತ್ತು ಎಲ್ಲವನ್ನೂ ತುರುಕಬೇಕು. ಇನ್ನು ‘ಧ’ದ ಹೊಟ್ಟೆ ಸೀಳುವ ಗೀಟಿಗೆ ಒಂದು ಪಿಕ್ಸೆಲ್ ಸಿಕ್ಕರೆ ಪುಣ್ಯ, ಅದೂ ಮಸುಕು ಬೂದು ಬಣ್ಣದ್ದು. ಇಷ್ಟು ವರ್ಷ ನಾನು ಎಷ್ಟೋ ಅಕ್ಷರಗಳನ್ನು ನೋಡಿ ಓದುತ್ತಿರಲಿಲ್ಲ, ಊಹಿಸಿ ಓದುತ್ತಿದ್ದೆ.

ದೊಡ್ಡದು ತಂದರೆ ಸರಿಹೋಗುತ್ತೆ ಅಂದುಕೊಂಡು 27 ಇಂಚಿನ 1080 ಮಾನಿಟರನ್ನೇ ಕೊಳ್ಳುವುದರಲ್ಲಿದ್ದೆ. ಪಿಕ್ಸೆಲ್ ಅಷ್ಟೇ ಇದ್ದು ಪರದೆ ಹಿಗ್ಗಿದರೆ ಇಂಚಿಗೆ 82ಕ್ಕೆ ಇಳಿಯುತ್ತದೆ. ಅಕ್ಷರ ದಪ್ಪಗಾಗುತ್ತದೆ, ಸ್ಪಷ್ಟವಾಗುವುದಿಲ್ಲ. ದಿನವಿಡೀ ಕನ್ನಡ ಓದುವವರು ಇದೊಂದನ್ನು ಮಾತ್ರ ತರಬೇಡಿ. ಕೊನೆಗೆ ತಂದದ್ದು 27 ಇಂಚಿನ 4ಕೆ (3840×2160), ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಐಪಿಎಸ್ ಬಗೆಯ ಪ್ಯಾನೆಲಿನದು. ಇಂಚಿಗೆ 163 ಪಿಕ್ಸೆಲ್.

ಮೊದಲ ದಿನ ಅತ್ತುಬಿಡುವ ಹಾಗಾಗಿತ್ತು. ಮೌಸ್ ಎಳೆದರೆ ಬಾಣ ಕುಂಟುತ್ತಾ ಹಿಂದೆ ಬರುತ್ತಿತ್ತು. ಪುಟ ಸರಿಸಿದರೆ ಸಾಲುಗಳು ಜರ್ಕ್ ಹೊಡೆಯುತ್ತಿದ್ದವು. ಮಾನಿಟರೇ ಕೆಟ್ಟದ್ದು ಅಂತ ವಾಪಸ್ ಕಳಿಸಲು ಡಬ್ಬಿ ಕೂಡ ತೆಗೆದಿಟ್ಟೆ. ಸೆಟ್ಟಿಂಗ್ಸ್ ತೆರೆದು ನೋಡಿದರೆ ರಿಫ್ರೆಶ್ ರೇಟ್ 30 ಹರ್ಟ್ಜ್, ಅಂದರೆ ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಹೊಸದಾಗುತ್ತಿತ್ತು. ತಪ್ಪು ಮಾನಿಟರಿನದಲ್ಲ, ನನ್ನ ಲ್ಯಾಪ್‌ಟಾಪಿನ ಎಚ್‌ಡಿಎಂಐ 1.4 ಪೋರ್ಟಿನದ್ದು (ಚಿತ್ರ ಹೊರಗೆ ಕಳಿಸುವ ಕಿಂಡಿ), 4ಕೆ ಚಿತ್ರವನ್ನು ಅದಕ್ಕಿಂತ ವೇಗವಾಗಿ ಕಳಿಸಲು ಅದರಿಂದ ಆಗದು. ಸರಿ, ಯುಎಸ್‌ಬಿ-ಸಿ ಹಾಕೋಣ ಅಂತ ಫೋನ್ ಚಾರ್ಜರಿನ ಕೇಬಲ್ ಚುಚ್ಚಿದೆ. ಲ್ಯಾಪ್‌ಟಾಪ್ ಚಾರ್ಜ್ ಆಯಿತು, ಪರದೆ ಮಾತ್ರ ಕಪ್ಪು! ಆ ಕೇಬಲಿನೊಳಗೆ ವಿಡಿಯೋ ಸಾಗಿಸುವ ತಂತಿಗಳೇ ಇರಲಿಲ್ಲ. ಮಾನಿಟರಿನ ಜೊತೆಗೇ ಬಂದಿದ್ದ ಕೇಬಲ್ ಡಬ್ಬಿಯ ತಳದಲ್ಲಿ, ಥರ್ಮೊಕೋಲ್ ಕೆಳಗೆ, ಬಿಚ್ಚದೆ ಹಾಗೇ ಕೂತಿತ್ತು. ಅದನ್ನು ಹಾಕಿದ ಮೇಲೆ 60 ಹರ್ಟ್ಜ್, ಚಾರ್ಜಿಂಗ್ ಎರಡೂ ಒಂದೇ ತಂತಿಯಲ್ಲಿ.

ಸ್ಕೇಲಿಂಗ್, ಅಂದರೆ ಪರದೆಯಲ್ಲಿರುವುದನ್ನೆಲ್ಲ ಹಿಗ್ಗಿಸುವ ಪ್ರಮಾಣ, ಶೇಕಡಾ 150ಕ್ಕೆ ಇಟ್ಟಾಗ ಜಾಗ ಧಾರಾಳ ಸಿಕ್ಕಿತು, ಅಕ್ಷರ ಮಾತ್ರ ಹಳೆಯದಕ್ಕಿಂತ ಸಣ್ಣದಾಯಿತು. 175ಕ್ಕೆ ಏರಿಸಿದೆ. ಈಗ ಅಕ್ಷರದ ಗಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ, ಆದರೆ 15 ಪಿಕ್ಸೆಲ್ ಇದ್ದ ಕಡೆ 26 ಇವೆ. ಆ ಹಳೇ ಕರಡನ್ನು ತೆರೆದು ನೋಡಿದೆ. ‘ದನಸಹಾಯ’ ದನದಷ್ಟೇ ದೊಡ್ಡದಾಗಿ ಕಾಣುತ್ತಿತ್ತು. ಅದರ ಎರಡು ಸಾಲು ಕೆಳಗೆ ‘ಪಲಾನುಭವಿ’ ಬೇರೆ. ಅದನ್ನು ಈವರೆಗೆ ಯಾರೂ ಹಿಡಿದಿಲ್ಲ, ನಾನೂ ಹೇಳಿಲ್ಲ.

ಸ್ಟ್ಯಾಂಡ್ ಚೆನ್ನಾಗಿದೆ, ಎತ್ತರ ಇಳಿಸಬಹುದು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಲಿ ಅಂತ ಎಲ್ಲರೂ ಹೇಳುತ್ತಾರೆ. ನನ್ನಂತೆ ಪ್ರೋಗ್ರೆಸ್ಸಿವ್ ಕನ್ನಡಕದವರಿಗೆ (ದೂರಕ್ಕೂ ಓದಿಗೂ ಒಂದೇ ಗಾಜು) ಅದು ಹೊಂದುವುದಿಲ್ಲ. ಓದುವ ಭಾಗ ಗಾಜಿನ ಕೆಳಭಾಗದಲ್ಲಿರುವುದರಿಂದ ಗದ್ದ ಎತ್ತಿ ನೋಡಬೇಕಾಗಿ ಸಂಜೆಗೆ ಕತ್ತು ಹಿಡಿಯುತ್ತದೆ. ಹಳೆಯದರ ಕೆಳಗೆ ಎರಡು ದಪ್ಪ ನಿಘಂಟು ಇಟ್ಟು ಎತ್ತರಿಸಿದ್ದೆ, ಬುದ್ಧಿವಂತಿಕೆ ಅಂದುಕೊಂಡು. ಈಗ ಪರದೆ ತಗ್ಗಿದೆ, ನಿಘಂಟುಗಳು ಕೈಗೆ ಸಿಗುತ್ತಿವೆ.

ಬೆಳಕು ಕಂಪನಿಯಿಂದ ಬಂದ ಮಟ್ಟದಲ್ಲೇ ಬಿಟ್ಟರೆ ಟ್ಯೂಬ್‌ಲೈಟ್ ನೋಡಿದ ಹಾಗೆ. ಹಗಲಿಗೆ 35, ರಾತ್ರಿಗೆ 15 ಇಟ್ಟಿದ್ದೇನೆ. ರಾತ್ರಿ ದೀಪ ಆರಿಸಿ ಕಪ್ಪು ಹಿನ್ನೆಲೆ ಹಾಕಿದರೆ ಮೂಲೆಗಳಲ್ಲಿ ಬಿಳಿಚು ಹೊಳಪು ಕಾಣುತ್ತದೆ. ಐಪಿಎಸ್ ಜಾತಿಯ ಗುಣ ಅದು, ಓದುವವರಿಗೆ ಬಾಧಕವಿಲ್ಲ. ಎಚ್‌ಡಿಆರ್ (ಹೊಳಪು-ಕಪ್ಪುಗಳ ಅಂತರ ಹೆಚ್ಚಿಸಿ ತೋರಿಸುವ ಸೌಲಭ್ಯ) ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿದ್ದರು, ಒಮ್ಮೆ ಹಾಕಿ ನೋಡಿ ಆಫ್ ಮಾಡಿದೆ. ಒಳಗಿನ ಸ್ಪೀಕರ್ ಬಿಂದಿಗೆಯ ಒಳಗೆ ಕೂತು ಮಾತಾಡಿದಂತೆ.

ಸಿಟ್ಟು ಬರಿಸುವುದು ಬಟನ್ ಒಂದೇ. ಪರದೆಯ ಹಿಂದೆ, ಕೆಳಮೂಲೆಯಲ್ಲಿ, ಕಡಲೆಕಾಳಿನಷ್ಟು ದೊಡ್ಡದು. ಬೆಳಕು ಕಮ್ಮಿ ಮಾಡಲು ತಡಕಿ ಪಕ್ಕಕ್ಕೆ ಒತ್ತಿದರೆ ಸೈ, ಚೂರು ಒಳಕ್ಕೆ ಒತ್ತಿದರೆ ಮಾನಿಟರೇ ಆಫ್. ನಿನ್ನೆಯೂ ಹಾಗೇ ಆಯಿತು, ವಾಕ್ಯದ ಮಧ್ಯದಲ್ಲಿ.