ಮೂರು ವರ್ಷ ಮೂಡಲ್ ಬಳಸಿದ ಮೇಲೆ: ನಾನೇ ಹಾಳು ಮಾಡಿದ ಕೋರ್ಸ್

ಬದಿಯಡ್ಕದ ಹತ್ರ ನಂದೊಂದು ಸಣ್ಣ ಟ್ಯೂಷನ್ ಕ್ಲಾಸ್ ಉಂಟು, ಕೇರಳ ಪಿಎಸ್‌ಸಿ ಪರೀಕ್ಷೆ ಕನ್ನಡದಲ್ಲಿ ಬರೆಯುವವರಿಗೆ. ಆನ್‌ಲೈನ್ ಕೋರ್ಸ್ ಮಾಡುವ ಅಂತ ಮೂಡಲ್ ಹಾಕಿದೆ. ಹೆಸರು ಕೇಳಿ ಅಪ್ಪ "ಮೂಡಲು ಆಯ್ತು, ಪಡುವಲು ಎಲ್ಲುಂಟು?" ಅಂದ್ರು. ಪಾಠ, ಪರೀಕ್ಷೆ ಎಲ್ಲ ಆನ್‌ಲೈನಲ್ಲಿ ನಡೆಸುವ, 2002ರಿಂದ ಇರುವ ಸಾಫ್ಟ್‌ವೇರ್, ಓಪನ್ ಸೋರ್ಸ್, ಫ್ರೀ. ಖರ್ಚು ಹೋಸ್ಟಿಂಗಿಗೆ, ಅಂದ್ರೆ ಸರ್ವರಿನ ಬಾಡಿಗೆಗೆ ಮಾತ್ರ.

ಮೊದಲ ವರ್ಷ ಅದು ಕೋರ್ಸೇ ಅಲ್ಲ ಮಾರಾಯ್ರೆ, ಗೋಡೌನ್. ಇದ್ದಬದ್ದ ಪಿಡಿಎಫ್ ಎಲ್ಲ ತಂದು ಸುರಿದೆ, 50 ನಿಮಿಷದ ವಿಡಿಯೋ ಹಾಕಿದೆ, ಅದೂ ಜೂನ್ ತಿಂಗಳಲ್ಲಿ ಶೀಟಿನ ಮಾಡಿನ ಅಡಿಯಲ್ಲಿ ಕೂತು ರೆಕಾರ್ಡ್ ಮಾಡಿದ್ದು, ನನ್ನ ಸ್ವರಕ್ಕಿಂತ ಮಳೆ ಸ್ವರವೇ ಜೋರು. ಹಳೇ ನುಡಿ ಫಾಂಟಿನ ನೋಟ್ಸನ್ನು ಯೂನಿಕೋಡ್ (ಎಲ್ಲ ಫೋನಲ್ಲೂ ಕನ್ನಡ ಕಾಣುವ ರೂಪ) ಮಾಡದೆ ಹಾಗೇ ಪೇಸ್ಟ್ ಮಾಡಿದ್ದೆ, ನನ್ನ ಕಂಪ್ಯೂಟರಲ್ಲಿ ಫಾಂಟ್ ಇತ್ತಲ್ಲ, ಚಂದ ಕಾಣ್ತಿತ್ತು, ಮಕ್ಕಳ ಫೋನಲ್ಲಿ ಮಾತ್ರ ಬರೀ ಇಂಗ್ಲಿಷ್ ಅಕ್ಷರದ ಚಿತ್ರಾನ್ನ. ಒಂದು ಡಮ್ಮಿ ಸ್ಟೂಡೆಂಟ್ ಅಕೌಂಟ್ ಮಾಡಿ ಫೋನಲ್ಲಿ ತೆರೆದು ನೋಡಿದ್ರೆ ಎರಡೇ ನಿಮಿಷದಲ್ಲಿ ಗೊತ್ತಾಗ್ತಿತ್ತು. ನೋಡ್ಲಿಲ್ಲ.

ಆಕ್ಟಿವಿಟಿ ಕಂಪ್ಲೀಶನ್ ಅಂತ ಒಂದು ಸೆಟ್ಟಿಂಗ್ ಉಂಟು, ಪಾಠ ಮುಗಿಸಿದವರಿಗೆ ಟಿಕ್ ಹಾಕುವಂಥದ್ದು. "ತೆರೆದ್ರೆ ಸಾಕು" ಅಂತ ಇಟ್ಟಿದ್ದೆ. ಎಲ್ಲರದ್ದೂ ಟಿಕ್ ಬಿದ್ದದ್ದೇ ಬಿದ್ದದ್ದು, ನಾನು ಖುಷಿಯಲ್ಲಿ. ಮಕ್ಕಳು ತೆರೆದು ಮುಚ್ತಿದ್ರು ಅಷ್ಟೆ. ಈಗ ಕ್ವಿಜ್ ಪಾಸಾದ್ರೆ ಮಾತ್ರ ಟಿಕ್.

ಕ್ವಿಜ್ ವಿಷಯ ಸ್ವಲ್ಪ ಬಿಡಿಸಿ ಹೇಳ್ಬೇಕು. ಶಾರ್ಟ್ ಆನ್ಸರಲ್ಲಿ, ಅಂದ್ರೆ ಮಕ್ಕಳೇ ಉತ್ತರ ಟೈಪ್ ಮಾಡುವ ಪ್ರಶ್ನೆಯಲ್ಲಿ, ನಾವು ಕೊಟ್ಟ ಉತ್ತರಕ್ಕೆ ಅಕ್ಷರ ಅಕ್ಷರ ತಾಳೆ ಆಗ್ಬೇಕು. ಬೇಕಲ ಕೋಟೆ ಕಟ್ಟಿಸಿದ್ದು ಯಾರು ಅಂತ ಕೇಳಿದ್ದೆ. "ಶಿವಪ್ಪ ನಾಯಕ" ಸರಿ, "ಶಿವಪ್ಪನಾಯಕ" ತಪ್ಪು, "ಕೆಳದಿ ಶಿವಪ್ಪ ನಾಯಕ" ಅಂತ ಪೂರ್ತಿ ಬರೆದವನಿಗೂ ಸೊನ್ನೆ. ಉತ್ತರದ ಜಾಗದಲ್ಲಿ ಶಿವಪ್ಪ ಅಂತ ಬರೆದು ಹಿಂದೆ ಮುಂದೆ ನಕ್ಷತ್ರ ಚಿಹ್ನೆ (*) ಹಾಕಿದ್ರೆ ಎಲ್ಲವನ್ನೂ ಒಪ್ತದೆ. ಇದು ತಿಳಿಯುವಾಗ ಎರಡು ಬ್ಯಾಚ್ ಮುಗಿದಿತ್ತು.

ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದು. ಕಾಸರಗೋಡು ಜಿಲ್ಲೆ ಆದದ್ದು ಯಾವಾಗ ಅನ್ನುವ ಪ್ರಶ್ನೆಗೆ 1984 ಮೇ 24ರ ಬದಲು 1956 ನವೆಂಬರ್ 1ಕ್ಕೆ ನೂರು ಪರ್ಸೆಂಟ್ ಮಾರ್ಕ್ ಕೊಟ್ಟು ಸೇವ್ ಮಾಡಿದ್ದೆ. ಅದು ಕೇರಳ ರಾಜ್ಯ ಆದ ದಿನ. ಒಬ್ಬಳು ಹುಡುಗಿ "ಸರ್, ನಂದು ತಪ್ಪಾ?" ಅಂತ ಕೇಳಿದ್ಳು, ನಾನು ತಲೆ ಎತ್ತದೆ "ಕಂಪ್ಯೂಟರ್ ಹೇಳಿದ್ಮೇಲೆ ತಪ್ಪೇ" ಅಂದೆ. ಅವಳು 1956 ಅಂತ ಬಾಯಿಪಾಠ ಮಾಡಿದ್ಳು.

ಸಿಕ್ಕಿಬಿದ್ದದ್ದು ಕ್ವಿಜ್ ಸ್ಟ್ಯಾಟಿಸ್ಟಿಕ್ಸ್ ರಿಪೋರ್ಟಲ್ಲಿ. ಫೆಸಿಲಿಟಿ ಇಂಡೆಕ್ಸ್ ಅಂದ್ರೆ ಆ ಪ್ರಶ್ನೆಗೆ ಸರಾಸರಿ ಎಷ್ಟು ಪರ್ಸೆಂಟ್ ಮಾರ್ಕ್ ಬಂತು ಅಂತ. ಡಿಸ್ಕ್ರಿಮಿನೇಶನ್ ಇಂಡೆಕ್ಸ್ ಮೈನಸ್ ಬಂದ್ರೆ, ಬೇರೆಲ್ಲ ಸರಿ ಮಾಡಿದ ಮಕ್ಕಳೇ ಅಲ್ಲಿ ತಪ್ಪಿದ್ದಾರೆ ಅಂತ, ಆಗ ಉತ್ತರದ ಕೀ ನೋಡ್ಲೇಬೇಕು. ನಂದು ಮೈನಸ್ ಇತ್ತು. ಕೀ ಸರಿ ಮಾಡಿ ರೀಗ್ರೇಡ್ (ಮಾರ್ಕ್ ಪುನಃ ಲೆಕ್ಕ ಹಾಕುವ ಬಟನ್) ಒತ್ತಿದೆ, ಮಾರ್ಕೆಲ್ಲ ಸರಿಯಾಯ್ತು, ಹುಡುಗಿಗೆ ಫೋನ್ ಮಾಡಿ ಸಾರಿ ಹೇಳಿದೆ. ಮೂಡಲಲ್ಲಿ ನನಗೆ ಹೆಚ್ಚು ಉಪಯೋಗ ಬಿದ್ದದ್ದು ಈ ರಿಪೋರ್ಟಿನ ಪುಟ ಒಂದೇ, ಒಂದೂವರೆ ವರ್ಷ ತೆರೆದೇ ಇರ್ಲಿಲ್ಲ.

ಈಗ ವಿಡಿಯೋ ಎಲ್ಲ ಎಂಟು ಹತ್ತು ನಿಮಿಷದ್ದು, ಕಾಲರಿಗೆ ಸಿಕ್ಕಿಸುವ ಮೈಕ್, ಮಳೆ ಬಂದ್ರೆ ರೆಕಾರ್ಡಿಂಗ್ ಬಂದ್. ಮಕ್ಕಳು ಮೂಡಲ್ ಆ್ಯಪಲ್ಲಿ ಪಾಠ ಡೌನ್‌ಲೋಡ್ ಮಾಡಿ ಇಟ್ಕೊಳ್ತಾರೆ, ಗುಡ್ಡದ ಆಚೆ ಮನೆಯವರಿಗೆ ಅದು ದೊಡ್ಡ ಉಪಕಾರ.

ಐದರಲ್ಲಿ ನಾಲ್ಕು ಸ್ಟಾರ್. ಸೆಟ್ಟಿಂಗ್ಸ್ ಕಾಡಿನ ಹಾಗೆ, ಅದಕ್ಕೆ ಒಂದು ಕಟ್. ಹಾಕುವವರು ಇದ್ರೆ ಮೊದಲು ಸರ್ವರಿನ ಪಿಎಚ್‌ಪಿ ಅಪ್‌ಲೋಡ್ ಲಿಮಿಟ್ (ಎಷ್ಟು ದೊಡ್ಡ ಫೈಲ್ ಹಾಕ್ಬಹುದು ಅಂತ) ನೋಡಿ, ಯಾರೂ ಬದಲಿಸದಿದ್ರೆ ಅದು ಬರೀ 2 ಎಂಬಿ ಇರ್ತದೆ, ನಾನು ಅದು ಗೊತ್ತಿಲ್ಲದೆ ಒಂದು ವಾರ ನೆಟ್ಟಿಗೆ ಬೈದಿದ್ದೇನೆ.