ಕಯಾಕ್‌ನಿಂದ ಹ್ಯಾಲಿಬಟ್ ಹಿಡಿಯಲು: ಜೀವಂತ ಎರೆಯೋ, ಟ್ರೋಲಿಂಗೋ, ರಬ್ಬರ್ ಮೀನೋ?

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಗೆ ವಸಂತದಲ್ಲಿ ಆಂಚೊವಿ ಎಂಬ ಸಣ್ಣ ಮೀನಿನ ಹಿಂಡುಗಳು ನುಗ್ಗುತ್ತವೆ. ಅವುಗಳ ಬೆನ್ನಿಗೇ ಕ್ಯಾಲಿಫೋರ್ನಿಯಾ ಹ್ಯಾಲಿಬಟ್ ಬರುತ್ತದೆ. ಮಂಗಳೂರು, ಮಲ್ಪೆ ಕಡೆಯವರಿಗೆ ಗೊತ್ತಿರುವ ನಂಗು ಮೀನಿನ ಹಾಗೆ ಇದೂ ಚಪ್ಪಟೆ, ಆದರೆ ಗಾತ್ರ ಎಷ್ಟೋ ಪಾಲು ದೊಡ್ಡದು. ಅಲಾಸ್ಕಾದ ದೈತ್ಯ ಹ್ಯಾಲಿಬಟ್ ಬೇರೆಯೇ ಜಾತಿ, ಅದರ ಮಾತು ಇಲ್ಲಿ ಬೇಡ. ಈ ಮೀನು ಮರಳಿನಲ್ಲಿ ಮೈ ಹುಗಿದುಕೊಂಡು, ಎರಡೂ ಕಣ್ಣು ಮೇಲೆ ಮಾಡಿ, ತಲೆಯ ಮೇಲೆ ಹಾದುಹೋಗುವ ಬೇಟೆಗೆ ಹೊಂಚು ಹಾಕುತ್ತದೆ. ಆದ್ದರಿಂದ ಗಾಳ ಹೇಗೇ ಹಾಕಿದರೂ ಎರೆ ತಳದಿಂದ ಒಂದೆರಡು ಅಡಿಯೊಳಗೇ, ಹದವಾದ ವೇಗದಲ್ಲಿ ಸಾಗಬೇಕು. ಅಲಮೇಡಾ, ಬರ್ಕ್ಲಿ ಬದಿಯ ಆಳವಿಲ್ಲದ ನೀರಿನಲ್ಲಿ, ಕಯಾಕ್ ಎಂಬ ಕಿರಿದಾದ ಸಣ್ಣ ದೋಣಿಯಲ್ಲಿ ಕೂತು, ಮೂರು ವಿಧಾನಗಳನ್ನು ಮಾಡಿ ನೋಡಿದ್ದೇನೆ.

ನನ್ನ ಮೊದಲ ಆಯ್ಕೆ ಜೀವಂತ ಎರೆ ಬಿಟ್ಟು ನೀರಿನ ಸೆಳೆತಕ್ಕೆ ತೇಲುತ್ತಾ ಹೋಗುವುದು. ಎರೆಗೆ ಸಣ್ಣ ಜ್ಯಾಕ್‌ಸ್ಮೆಲ್ಟ್ ಮೀನು ಸಾಕು, ಸಬಿಕಿ ಎಂಬ ಸಾಲು ಸಣ್ಣ ಗಾಳಗಳಿಗೆ ಅಲ್ಲೇ ಸಿಗುತ್ತದೆ. ಮೂರು ಕಣ್ಣಿನ ಸ್ವಿವೆಲ್ ಎಂಬ ತಿರುಗುವ ಕೊಂಡಿಯ ಒಂದಕ್ಕೆ ಮುಖ್ಯ ದಾರ, ಇನ್ನೊಂದಕ್ಕೆ ಗೇಣುದ್ದದ ದಾರದಲ್ಲಿ ಸೀಸ, ಮತ್ತೊಂದಕ್ಕೆ ಮೂರು ಅಡಿಯ ಲೀಡರ್, ಅಂದರೆ ಎರಡು ಗಾಳ ಕಟ್ಟಿದ ತುದಿದಾರ. ಮುಂದಿನ ಗಾಳ ಎರೆಯ ಮೂಗಿಗೆ, ಹಿಂದಿನ ಚಿಕ್ಕ ಗಾಳ ಬಾಲದ ಹತ್ತಿರ. ಹ್ಯಾಲಿಬಟ್ ಎಷ್ಟೋ ಸಲ ಬಾಲವನ್ನಷ್ಟೇ ಕಚ್ಚುತ್ತದೆ, ಹಿಂದಿನ ಗಾಳ ಇಲ್ಲದಿದ್ದರೆ ಅರ್ಧ ಎರೆ ವಾಪಸು ಬರುತ್ತದೆ. ಟಕ್ ಟಕ್ ಎಂದ ಕೂಡಲೇ ಎಳೆಯಬಾರದು. ಕೋಲು ಬಾಗಿ ಭಾರ ತಿಳಿದ ಮೇಲೆ ನಿಧಾನ ಎತ್ತಿದರೆ ಸಾಕು.

ಇಲ್ಲಿ ಎಲ್ಲ ನಿಂತಿರುವುದು ತೇಲುವ ವೇಗದ ಮೇಲೆ. ಅರ್ಧದಿಂದ ಒಂದು ನಾಟ್ (ಗಂಟೆಗೆ ಸುಮಾರು ಒಂದರಿಂದ ಎರಡು ಕಿಲೊಮೀಟರ್) ಇದ್ದರೆ ಚೆನ್ನ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರವಿಳಿತದಲ್ಲಿ ನೀರು ಕಲಕಿ ಓಡುತ್ತದೆ, ಸೀಸ ತಳ ಮುಟ್ಟುವುದೇ ಕಷ್ಟ. ನಾನು ಅಷ್ಟಮಿಯ ಆಸುಪಾಸಿನ ದಿನಗಳನ್ನೇ ಆರಿಸುತ್ತೇನೆ. ಕಯಾಕ್ ಹಗುರ, ಗಾಳಿಗೆ ಬೇಗ ಓಡುತ್ತದೆ. ನೀರಿಗೆ ಬಿಡುವ ಡ್ರಿಫ್ಟ್ ಸಾಕ್ ಎಂಬ ಬಟ್ಟೆಚೀಲ ಅದನ್ನು ತಡೆದು ಹಿಡಿಯುತ್ತದೆ. ಗಾಳಿ ಒಂದು ಕಡೆ, ಸೆಳೆತ ಎದುರು ಕಡೆ ಆದರೆ ದೋಣಿ ನಿಂತಲ್ಲೇ ನಿಂತು ದಾರ ಅಡಿಗೆ ಸರಿಯುತ್ತದೆ. ಆಗ ಈ ವಿಧಾನ ಕೈಬಿಡುವುದೇ ವಾಸಿ. ಬ್ಯಾಟ್ ರೇ ತೊರಕೆಗಳೂ ಈ ಎರೆಗೆ ಬೀಳುತ್ತವೆ. ಕೈ ಸೋಲುವಷ್ಟು ಜಗ್ಗುತ್ತವೆ.

ಟ್ರೋಲಿಂಗ್ ಅಂದರೆ ದೋಣಿ ನಡೆಸುತ್ತಾ ಎರೆಯನ್ನು ಹಿಂದೆ ಎಳೆದೊಯ್ಯುವುದು. ಇದರಲ್ಲಿ ಸುಮಾರು ಒಂದು ಪೌಂಡಿನ ಸೀಸದ ಗುಂಡು ತಳಕ್ಕೆ ಬಡಿಯುತ್ತಾ ಸಾಗುತ್ತದೆ. ಹಿಂದೆ ಹೊಳೆಯುವ ಡಾಡ್ಜರ್ ತಗಡು, ಅದರ ಹಿಂದೆ ಆಂಚೊವಿ ಅಥವಾ ಹೂಚಿ ಎಂಬ ಪ್ಲಾಸ್ಟಿಕ್ ಎರೆ. ವೇಗ ಗಂಟೆಗೆ ಎರಡು ಮೈಲಿ ಆಸುಪಾಸು. ಮೀನು ಎಲ್ಲಿದೆ ಎಂದು ತಿಳಿಯದ ದಿನ ವಿಶಾಲ ಮರಳುತಳವನ್ನು ಬೇಗ ಜಾಲಾಡಲು ಇದಕ್ಕಿಂತ ಒಳ್ಳೆಯದಿಲ್ಲ. ಭರತ ನಿಂತು ನೀರು ಸುಮ್ಮನಾದಾಗ ತೇಲುವವರ ಎರೆಯೂ ನಿಲ್ಲುತ್ತದೆ, ಟ್ರೋಲಿಂಗ್ ಗೆಲ್ಲುವುದು ಆಗಲೇ. ಆದರೆ ಪೆಡಲ್ ಇರುವ ಕಯಾಕ್ ಬೇಕು. ಎರಡೂ ಕೈ ಹುಟ್ಟಿನ ಮೇಲಿದ್ದರೆ ಗುಂಡು ತಳ ಬಿಟ್ಟಿತೋ, ಪಾಚಿಯಲ್ಲಿ ಸಿಕ್ಕಿತೋ ಗೊತ್ತಾಗುವುದಿಲ್ಲ. ಕಾಲಿಗೂ ದಣಿವು ಕಡಿಮೆಯೇನಲ್ಲ.

ರಬ್ಬರ್ ಮೀನು, ಅಂದರೆ ಸ್ವಿಮ್‌ಬೇಟ್, ಸಾಮಾನು ಹೊರುವ ರಗಳೆ ಇಲ್ಲದ ವಿಧಾನ. ಐದು ಇಂಚಿನದ್ದು, ಒಂದು ಔನ್ಸಿನ ಜಿಗ್ ತಲೆ, ಅಂದರೆ ಸೀಸದ ತಲೆಯ ಗಾಳ. ಹತ್ತು ಅಡಿಗಿಂತ ಕಡಿಮೆ ಆಳದ ತಿಳಿನೀರಿನಲ್ಲಿ, ತೇಲುವ ದಿಕ್ಕಿಗೆ ಎಸೆದು ತಳದಲ್ಲಿ ಕುಪ್ಪಳಿಸಿಕೊಂಡು ಎಳೆದರೆ ಹೊಡೆತ ಜೋರು. ಕಲಕಿದ ನೀರಿನಲ್ಲಿ ನನಗೆ ಇದರಿಂದ ಹೇಳಿಕೊಳ್ಳುವಂಥದ್ದು ಸಿಕ್ಕಿಲ್ಲ.

ಹುಟ್ಟು ಹಾಕುವ ಕಯಾಕ್ ಇದ್ದವರಿಗೆ ನಾನು ಹೇಳುವುದು ಜೀವಂತ ಎರೆ. ಪೆಡಲ್ ಇದ್ದರೆ ಬೆಳಿಗ್ಗೆ ತೇಲಿ, ನೀರು ನಿಂತಾಗ ಟ್ರೋಲ್ ಮಾಡಿ. ಮಧ್ಯಾಹ್ನ ಗೋಲ್ಡನ್ ಗೇಟ್ ಕಡೆಯಿಂದ ಗಾಳಿ ಏಳುವ ಮೊದಲೇ ದಡ ಸೇರಿ, ಲೈಫ್ ಜಾಕೆಟ್ ಬಿಚ್ಚಲೇಬೇಡಿ.

ಮೂರರಲ್ಲೂ ಮೀನು ತಪ್ಪುವುದು ಹೆಚ್ಚಾಗಿ ದೋಣಿಯ ಪಕ್ಕದಲ್ಲೇ. ಹ್ಯಾಲಿಬಟ್ ಸುಮ್ಮನೆ ಮೇಲೆ ಬಂದು, ಬಲೆ ಕಂಡೊಡನೆ ತಳಕ್ಕೆ ಧುಮುಕುತ್ತದೆ. ಅದರ ತಲೆಯನ್ನು ನೀರಿನಿಂದ ಎತ್ತದೆ, ಬಲೆಯನ್ನು ಮೊದಲೇ ಮುಳುಗಿಸಿಟ್ಟು, ತಲೆ ಮುಂದಾಗಿ ಒಳಗೆ ನಡೆಸಬೇಕು. ಕನಿಷ್ಠ 18 ಇಂಚು ಬಾಯಿಯ ಬಲೆ ಕಯಾಕ್‌ನಲ್ಲಿ ಇರಲೇಬೇಕೆಂದು ಅಲ್ಲಿನ ಕಾನೂನೂ ಹೇಳುತ್ತದೆ. ಅಳತೆ 22 ಇಂಚು ಮುಟ್ಟದಿದ್ದರೆ ಬಲೆಯಿಂದಲೇ ನೀರಿಗೆ ಬಿಡಿ. ಮುಟ್ಟಿದರೆ ಮೊದಲು ಬಲೆಯಲ್ಲೇ ಅದರ ಒದ್ದಾಟ ಅಡಗಿಸಿ, ಆಮೇಲೆ ಕಾಲ ಬಳಿ ಎಳೆದುಕೊಳ್ಳಿ.