ಗ್ಯಾಸ್ ಫೈರ್‌ಪ್ಲೇಸ್ ಸರ್ವಿಸ್: 189 ಡಾಲರ್‌ಗೆ ಏನೇನು ಮಾಡಿಕೊಟ್ಟರು

ನಾವಿರುವುದು ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ, ಮಿನಿಯಾಪೊಲಿಸ್ ಪಕ್ಕದ ಒಂದು ಊರಿನಲ್ಲಿ. ಮನೆ ಕೊಂಡಾಗ ಗ್ಯಾಸ್ ಫೈರ್‌ಪ್ಲೇಸ್ ಕೂಡ ಜೊತೆಗೆ ಬಂತು, ಅಂದರೆ ಗಾಜಿನ ಹಿಂದೆ ಗ್ಯಾಸ್ ಉರಿದು ಕೋಣೆ ಬೆಚ್ಚಗಿಡುವ ಒಲೆ, 2008ರದ್ದು. ಸೌದೆ ಇಲ್ಲ, ಬೂದಿ ಇಲ್ಲ, ಹೊಗೆ ಇಲ್ಲ, ಇದಕ್ಕೆಲ್ಲ ಎಂಥ ಸರ್ವಿಸ್ ಅಂತ ಮೊದಲ ಎರಡು ಚಳಿಗಾಲ ಸುಮ್ನೆ ಇದ್ದೆವು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬಚ್ಚಲೊಲೆ ಇತ್ತು. ಅಮ್ಮ ದಿನಾ ಬೆಳಿಗ್ಗೆ ಬೂದಿ ತೆಗೆದ ಮೇಲೇ ಬೆಂಕಿ ಹಾಕುತ್ತಿದ್ದರು, ಒಂದು ದಿನ ಬಿಟ್ಟರೂ ಬಚ್ಚಲು ತುಂಬ ಹೊಗೆ ಸುತ್ತಿಕೊಂಡು ಕಣ್ಣು ಉರಿಯುತ್ತಿತ್ತು, ಏನೋ ಸರಿಯಿಲ್ಲ ಅಂತ ತಕ್ಷಣ ಗೊತ್ತಾಗುತ್ತಿತ್ತು. ಗ್ಯಾಸ್‌ನಲ್ಲಿ ಹಾಗೆ ಗೊತ್ತಾಗುವುದಿಲ್ಲ. ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಬೆಂಗಳೂರಿನಲ್ಲಿ ಬಾತ್‌ರೂಮಿನ ಗ್ಯಾಸ್ ಗೀಸರ್‌ನಿಂದ ಜೀವ ಹೋದ ಸುದ್ದಿಗಳನ್ನು ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೋದ ವರ್ಷ ಒಂದು ಕಂಪನಿಯವರನ್ನು ಕರೆಸಿದ್ದೆ. ಹದಿನೈದು ನಿಮಿಷದಲ್ಲಿ ಗಾಜು ಒರೆಸಿ, ಉರಿ ಹಚ್ಚಿ ತೋರಿಸಿ, 120 ಡಾಲರ್ ತೆಗೆದುಕೊಂಡು ಹೋದರು. ಈ ವರ್ಷ ಅಕ್ಟೋಬರ್‌ನಲ್ಲಿ ಸ್ವಿಚ್ ಹಾಕಿದರೆ ಉರಿ ಹತ್ತುತ್ತಿತ್ತು, ಐದು ನಿಮಿಷಕ್ಕೆ ತಾನೇ ಆರುತ್ತಿತ್ತು. ಹಾಗಾಗಿ ಈ ಸಲ ಫೈರ್‌ಪ್ಲೇಸ್ ಮಾರುವ, ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಗೆ ಫೋನ್ ಮಾಡಿದೆ. ಎನ್‌ಎಫ್‌ಐ (ನ್ಯಾಷನಲ್ ಫೈರ್‌ಪ್ಲೇಸ್ ಇನ್‌ಸ್ಟಿಟ್ಯೂಟ್) ಸರ್ಟಿಫಿಕೇಟ್ ಇರುವವರನ್ನೇ ಕಳಿಸಿ ಅಂತ ಕೇಳಿದ್ದೆ, ಹಾಗೇ ಕಳಿಸಿದರು.

ಬಂದವರು ವಯಸ್ಸಾದವರು. ಒಂದೂವರೆ ಗಂಟೆ ಕೂತು ಕೆಲಸ ಮಾಡಿದರು, ಒಂದೊಂದನ್ನೂ ಕರೆದು ತೋರಿಸಿದರು. ಮೊದಲು ಮುಟ್ಟಿದ್ದು ಗಾಜನ್ನಲ್ಲ, ಪೈಲಟ್ ಅನ್ನು. ಸದಾ ಉರಿಯುವ ಆ ಪುಟ್ಟ ಉರಿಯ ಶಾಖದಿಂದ ಥರ್ಮೋಪೈಲ್ ಅನ್ನುವ ಭಾಗದಲ್ಲಿ ಸ್ವಲ್ಪ ಕರೆಂಟ್ ಹುಟ್ಟುತ್ತದೆ, ಆ ಕರೆಂಟೇ ಗ್ಯಾಸ್ ವಾಲ್ವನ್ನು ತೆರೆದು ಹಿಡಿಯುತ್ತದೆ. ಮೀಟರ್ ಇಟ್ಟರೆ 260 ಮಿಲಿವೋಲ್ಟ್ ಬಂತು. ಸಾಲದು ಅಂದರು. ಇಲ್ಲೇ ಹೊಸ ಥರ್ಮೋಪೈಲ್ ಹಾಕಬೇಕು ಅಂತ ಇನ್ನೂರು ಡಾಲರ್ ಬಿಲ್ ಮಾಡಿದ್ದರೂ ನಾನು ಒಪ್ಪಿಕೊಂಡುಬಿಡುತ್ತಿದ್ದೆ! ಅವರು ಪೈಲಟ್ ಬಿಚ್ಚಿ ನೋಡಿದರು, ಗಾಳಿ ಹೋಗುವ ತೂತಿನಲ್ಲಿ ಜೇಡರ ಬಲೆ, ಧೂಳು. ಉರಿ ಬಡವಾಗಿ ಥರ್ಮೋಪೈಲ್‌ಗೆ ತಾಗುತ್ತಲೇ ಇರಲಿಲ್ಲ. ಅದನ್ನು ಊದಿ ತೆಗೆದು ಮತ್ತೆ ಹಚ್ಚಿದ ಮೇಲೆ 430 ತೋರಿಸಿತು. ಹೊಸ ಭಾಗ ಬೇಡ, ಇನ್ನೂ ಕೆಲವು ವರ್ಷ ಬರುತ್ತದೆ ಅಂದರು. ಆ ಒಂದು ಮಾತಿಗೇ ನನಗೆ ಅವರ ಮೇಲೆ ಪೂರ್ತಿ ನಂಬಿಕೆ ಬಂತು.

ಆಮೇಲೆ ಸೌದೆ ತರಹ ಕಾಣುವ ಸೆರಾಮಿಕ್ ತುಂಡುಗಳು. ಒಂದು ತುಂಡಿನ ಅಡಿ ಕಪ್ಪು ಮಸಿ ಹಿಡಿದಿತ್ತು. ಹೋದ ವರ್ಷದವರು ಅದನ್ನು ಎತ್ತಿ ವಾಪಸ್ ಇಡುವಾಗ ಜಾಗ ತಪ್ಪಿಸಿದ್ದರು, ಉರಿ ನೇರ ಅದಕ್ಕೇ ಬಡಿಯುತ್ತಿತ್ತು. ಈ ತುಂಡುಗಳು ಅಂದಕ್ಕೆ ಮಾತ್ರ ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ, ಒಂದೊಂದಕ್ಕೂ ಗೊತ್ತಾದ ಜಾಗ ಇದೆ, ಮ್ಯಾನ್ಯುಯಲ್‌ನಲ್ಲಿ ಚಿತ್ರ ಇದೆ. ತೆಗೆಯುವ ಮೊದಲು ಫೋಟೊ ತೆಗೆದುಕೊಳ್ಳಿ. ನೀರು ತಾಗಿಸಬೇಡಿ, ಮೆತ್ತಗಿನ ಬ್ರಷ್ ಸಾಕು.

ಗಾಜಿನ ವಿಷಯದಲ್ಲಿ ತಪ್ಪು ನನ್ನದೇ. ಬಿಳಿ ಪೊರೆ ಕಟ್ಟಿತ್ತು ಅಂತ ಕಿಟಕಿ ಒರೆಸುವ ನೀಲಿ ಸ್ಪ್ರೇ ಹಾಕಿ ಉಜ್ಜಿದ್ದೆ. ಅಮೋನಿಯಾ ಇರುವುದನ್ನು ಇದಕ್ಕೆ ಹಾಕಲೇಬಾರದಂತೆ, ಮುಂದಿನ ಸಲ ಬಿಸಿಯಾದಾಗ ಅದು ಗಾಜಿಗೇ ಸುಟ್ಟು ಕೂರುತ್ತದೆ. ಮೂಲೆಯಲ್ಲಿ ಒಂದು ಮಂಜು ಮಂಜು ಕಲೆ ಉಳಿದೇ ಬಿಟ್ಟಿತು. ಫೈರ್‌ಪ್ಲೇಸ್ ಗಾಜಿಗೇ ಅಂತ ಬೇರೆ ಕ್ಲೀನರ್ ಸಿಗುತ್ತದೆ, ಅದನ್ನು ಗಾಜು ಪೂರ್ತಿ ತಣ್ಣಗಾದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಹಚ್ಚಿ ಒರೆಸಬೇಕು.

ಬರ್ನರ್ ತೂತು, ಕೆಳಗಿನ ಫ್ಯಾನ್, ಗಾಜಿನ ಸುತ್ತಲಿನ ಗ್ಯಾಸ್ಕೆಟ್ ನೋಡಿದರು. ಸೋಪ್ ನೀರು ಹಚ್ಚಿ ಗ್ಯಾಸ್ ಸೋರುತ್ತಿದೆಯಾ ಪರೀಕ್ಷಿಸಿದರು. ಹೊರಗೆ ಹೋಗಿ ಗೋಡೆಯ ವೆಂಟನ್ನೂ ನೋಡಿ ಬಂದರು. ನಮ್ಮದು ಡೈರೆಕ್ಟ್ ವೆಂಟ್, ಒಂದರೊಳಗೊಂದು ಕೊಳವೆ, ಹೊರಗಿನದರಲ್ಲಿ ಗಾಳಿ ಒಳಗೆ ಬರುತ್ತದೆ, ಒಳಗಿನದರಲ್ಲಿ ಸುಟ್ಟ ಗಾಳಿ ಹೊರಗೆ ಹೋಗುತ್ತದೆ. ಹಿಮ ರಾಶಿ ಬಿದ್ದಾಗ ಅದರ ಬಾಯಿ ಮುಚ್ಚದ ಹಾಗೆ ಸಲಿಕೆಯಲ್ಲಿ ತೆಗೆಯುತ್ತಿರಿ ಅಂದರು.

ನಮ್ಮ ಎರಡು ವರ್ಷದ ಮಗಳನ್ನು ನೋಡಿ ಇನ್ನೊಂದು ಮಾತು ಹೇಳಿದರು. 2015ರಿಂದ ಈಚೆಗೆ ತಯಾರಾದವುಗಳಲ್ಲಿ, ಗಾಜು 172 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಜಾಸ್ತಿ ಕಾಯುವುದಾದರೆ, ಮುಂದೆ ಒಂದು ರಕ್ಷಣೆಯ ಜಾಲರಿ ಇರಲೇಬೇಕು. ನಮ್ಮದು ಹಳೆಯದು, ಜಾಲರಿ ಇಲ್ಲ. ಆರಿಸಿದ ಮೇಲೂ ಗಾಜು ಬಹಳ ಹೊತ್ತು ಬಿಸಿ ಇರುತ್ತದೆ, ಮಕ್ಕಳು ಅಂಗೈ ಊರಿಬಿಡುತ್ತಾರೆ. ಅದೇ ವಾರ ತರಿಸಿ ಹಾಕಿದೆವು. ಮಕ್ಕಳಿರುವ ಮನೆಯವರು ದಯವಿಟ್ಟು ಇದೊಂದನ್ನು ಮುಂದೂಡಬೇಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ. ಮಿನ್ನೆಸೋಟದ ಕಾನೂನಿನ ಪ್ರಕಾರ ಪ್ರತಿ ಮಲಗುವ ಕೋಣೆಯಿಂದ ಹತ್ತು ಅಡಿಯೊಳಗೆ ಒಂದು ಇರಬೇಕು. ನಮ್ಮದರ ಅವಧಿ ಮುಗಿದಿತ್ತು, ಅಲಾರಂನ ಹಿಂಬದಿಯಲ್ಲಿ ಬರೆದಿದ್ದ ತಾರೀಕು ಅವರೇ ಓದಿ ತೋರಿಸಿದರು.

ಕೊರತೆ ಅಂದರೆ ಬರುವುದಕ್ಕೆ ಕಾಯಿಸಿದ್ದು. ಮೂರು ವಾರ ತಣ್ಣನೆ ಫೈರ್‌ಪ್ಲೇಸ್ ಮುಂದೆ ಕೂತಿದ್ದೆವು. ರಿಮೋಟಿನ ಬ್ಯಾಟರಿಗೆ ಬೇರೆ ಎಂಟು ಡಾಲರ್ ಹಾಕಿದ್ದು ನನಗೆ ಹಿಡಿಸಲಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮುಂದಿನ ವರ್ಷಕ್ಕೆ ಆಗಸ್ಟ್‌ನಲ್ಲೇ ದಿನ ಗೊತ್ತು ಮಾಡಿಕೊಂಡಿದ್ದೇನೆ, ಆಗ ಅವರಿಗೂ ಕೆಲಸ ಕಮ್ಮಿ ಇರುತ್ತದಂತೆ.